ಎದುರು ಕುರ್ಚಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಶುರುವಾದ ಮಾತುಕತೆ ಹನ್ನೊಂದು ಹತ್ತಕ್ಕೆ ಮುರಿದುಬಿತ್ತು.

ಆಸ್ಪತ್ರೆಗಳ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿ ಅದು. ಮೇಜಿನ ಒಂದು ಕಡೆ ಮ್ಯಾನೇಜರ್, ಇನ್ನೊಂದು ಕಡೆ ಕಾರ್ಮಿಕ ಸಂಘದ ಕಾರ್ಯದರ್ಶಿ ಮತ್ತು ಖಜಾಂಚಿ. ಬೇಡಿಕೆ ಒಂದೇ: ಇಸ್ತ್ರಿ ರೋಲರ್ ಮುಂದೆ ನಿಲ್ಲುವ ಹೆಂಗಸರಿಗೆ ಗಂಟೆಗೆ ಹತ್ತು ನಿಮಿಷ ಬಿಡುವು. ಹಿಂದಿನ ತಿಂಗಳು ಕಾರ್ಯದರ್ಶಿಯ ತಂಗಿ ರೋಲರ್ ಮುಂದೆ ತಲೆ ಸುತ್ತಿ ಬಿದ್ದಿದ್ದಳು. ಬೀಳುವಾಗ ಆಸರೆಗೆಂದು ಚಾಚಿದ ಎಡಗೈ ಕಾದ ಕಬ್ಬಿಣಕ್ಕೆ ತಗುಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟಿತ್ತು. ಬೇಸಿಗೆ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಇನ್ನೊಬ್ಬಳು ಬೀಳುತ್ತಾಳೆ ಎಂಬುದರಲ್ಲಿ ರೋಲರ್ ಹೆಂಗಸರಿಗೆ ಅನುಮಾನವಿರಲಿಲ್ಲ. ಅದು ಯಾರು ಎಂಬುದಷ್ಟೇ ಗೊತ್ತಿರಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ಎ.ಸಿ. ಓಡುತ್ತಿತ್ತು. ಇಸ್ತ್ರಿ ಹಾಲ್ ದಾಟಿ ಬಂದ ಕಾರ್ಯದರ್ಶಿಗೆ ಬೆನ್ನ ಮೇಲಿನ ಬೆವರು ಅಲ್ಲೇ ತಣ್ಣಗಾಗಿ ಮೈ ಜುಮ್ಮೆಂದಿತು. ಅವಳು ಎರಡು ಪುಟದ ಮನವಿ ಓದಿದಳು. ಶ್ರಮದ ಘನತೆ, ಮಾನವೀಯ ಅಂತಃಕರಣ, ಪರಸ್ಪರ ವಿಶ್ವಾಸದ ಸೇತುವೆ ಮುಂತಾದ ಮಾತುಗಳು ಅದರಲ್ಲಿದ್ದವು. ಓದಿ ಮುಗಿಯುವವರೆಗೆ ಮ್ಯಾನೇಜರ್ ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ.

"ಚೆನ್ನಾಗಿ ಬರೆದಿದೀರಿ. ಒಂದೇ ಪ್ರಶ್ನೆ," ಎಂದ. "ಆ ದಿನ ನಿಮ್ಮ ತಂಗಿ ಬೆಳಿಗ್ಗೆ ಏನಾದ್ರೂ ತಿಂದು ಬಂದಿದ್ರಾ?"

ಕಾರ್ಯದರ್ಶಿಯ ಕಿವಿ ಕಾದವು. "ಏನು ಹಾಗಂದ್ರೆ?"

"ಹಾಗಂದ್ರೆ ಹಾಗೇ. ಖಾಲಿ ಹೊಟ್ಟೇಲಿ ಬಂದು ಬಿದ್ರೆ ಅದಕ್ಕೆ ರೋಲರ್ ಏನು ಮಾಡುತ್ತೆ? ತಿಂದಿದ್ರಾ, ಇಲ್ವಾ?"

ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಎದ್ದು ನಿಂತು ಮೇಜು ಗುದ್ದಿದಳು. "ಕೈ ಸುಟ್ಟುಕೊಂಡವಳ ಹೊಟ್ಟೆ ಲೆಕ್ಕ ಕೇಳೋಕೆ ನಾಚಿಕೆ ಆಗಲ್ವಾ ನಿಮಗೆ?" ಎಂದಳು. ಇನ್ನೂ ಎರಡು ಮಾತು ಆಡಿದಳು. ಅವು ನಡಾವಳಿಯಲ್ಲಿ ಬರೆಯುವಂಥವಲ್ಲ. ಮ್ಯಾನೇಜರ್ ಕಡತ ಮುಚ್ಚಿದ. ಉತ್ತರ ಇದ್ದಾಗ ಬನ್ನಿ, ಗುರುವಾರ ಹನ್ನೊಂದಕ್ಕೆ ಇನ್ನೊಮ್ಮೆ ಸಮಯ ಕೊಡುತ್ತೇನೆ, ಅದೇ ಕೊನೆ ಎಂದ.

ಮೆಟ್ಟಿಲಿಳಿಯುವಾಗ ಖಜಾಂಚಿ ಅವಳ ಹಿಂದಿನಿಂದ ಹೇಳಿದ, "ಬಿಡಿ ಅಕ್ಕ, ಸರಿಯಾಗೇ ಕೊಟ್ರಿ ಅವನಿಗೆ."

"ಏನು ಕೊಟ್ಟೆ? ಏನು ತಗೊಂಡು ಬಂದೆ ಅದು ಹೇಳು."

"ಅಲ್ಲ, ಧೈರ್ಯ ಅಂದ್ರೆ..."

"ಬಾಯಿ ಮುಚ್ಕೊಂಡು ಇಳಿ."

ಖಜಾಂಚಿ ನಾಲ್ಕು ಮೆಟ್ಟಿಲು ಸುಮ್ಮನೆ ಇಳಿದ. ಅವನ ಕೈಯಲ್ಲಿ ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. "ಒಂದು ಮಾತು ಹೇಳ್ಲಾ? ಆ ಪ್ರಶ್ನೆ ಅವನ ತಲೇದಲ್ಲ. ನಿಮ್ಮ ಮಾವನ ತಲೇದು. ಅವರೇ ಹೋಗಿ ಊದಿರ್ತಾರೆ."

ಅವಳಿಗೂ ಹಾಗೇ ಅನಿಸಿತ್ತು. 

ಸಂಘದಲ್ಲಿ ಹಿಂದಿನಿಂದಲೂ ಒಂದು ಪದ್ಧತಿ ಇತ್ತು. ಸೈಕಲ್ ಸ್ಟ್ಯಾಂಡ್ ಹಿಂದಿನ ಸಂಘದ ಕೋಣೆಯಲ್ಲಿ ಒಂದು ಕೈ ಮುರಿದ ಮರದ ಕುರ್ಚಿ. ಅದಕ್ಕೆ ಎದುರು ಕುರ್ಚಿ ಎಂದೇ ಹೆಸರು. ಆಡಳಿತದ ಜೊತೆ ಮಾತುಕತೆಗೆ ಹೋಗುವ ಮುನ್ನ ಸಂಘದವರಲ್ಲೇ ಒಬ್ಬರು ಅದರಲ್ಲಿ ಕೂತು ಆಡಳಿತವಾಗಬೇಕು. ಮಾತುಕತೆಗೆ ಹೋಗುವವರು ಅವರ ಮುಂದೆ ಬೇಡಿಕೆ ಇಡಬೇಕು. ಕೂತವರು ಉತ್ತರ ಮನಸ್ಸಿಗೆ ಒಪ್ಪುವವರೆಗೆ ಏಳಬಾರದು. ಕುರ್ಚಿಯಲ್ಲಿ ಕೂತು ಆಡಿದ ಮಾತನ್ನು ಆಮೇಲೆ ಯಾರೂ ಅವರ ಮೇಲೆ ಹೊರಿಸಬಾರದು.

ಆ ಕುರ್ಚಿಯಲ್ಲಿ ಬಹಳ ವರ್ಷ ಕೂತವರು ಕಾರ್ಯದರ್ಶಿಯ ಸೋದರಮಾವ. ಅವರು ರಿಪೇರಿ ವಿಭಾಗದಲ್ಲಿದ್ದರು. ಲಾಂಡ್ರಿಯಲ್ಲಿ ಎಲ್ಲರೂ ಅವರನ್ನು ತಕರಾರು ಎಂದೇ ಕರೆಯುತ್ತಿದ್ದರು, ಎದುರಿಗೂ ಕೂಡ. ಮದುವೆ ಮನೆಗೆ ಹೋದರೆ ಹುಡುಗನ ಕಿವಿ ಸಣ್ಣದು ಎನ್ನುವ, ಸಾವಿನ ಮನೆಗೆ ಹೋದರೆ ಹೆಣ ಎತ್ತಲು ತಡವಾಯಿತು ಎನ್ನುವ ಮನುಷ್ಯ. ಅವರು ಎದುರು ಕುರ್ಚಿಯಲ್ಲಿ ಕೂತ ದಿನ ಸಂಘದ ಕೋಣೆಯಿಂದ ಒಬ್ಬರಾದರೂ ಚಪ್ಪಲಿ ಮೆಟ್ಟಿ ಎದ್ದು ಹೋಗುತ್ತಿದ್ದರು.

ಹತ್ತು ದಿನದ ಹಿಂದೆ ಆ ಕುರ್ಚಿಯಲ್ಲಿ ಕೂತು ಕಾಲಮೇಲೆ ಕಾಲು ಹಾಕಿ ಅವರು ಕೇಳಿದ್ದ ಮೊದಲ ಪ್ರಶ್ನೆ ಅದು. ನಿಮ್ಮ ತಂಗಿ ಅವತ್ತು ತಿಂದು ಬಂದಿದ್ದಳಾ? ಕಾರ್ಯದರ್ಶಿ ಕೆರಳಿದಳು. "ನಿಮ್ಮ ಸ್ವಂತ ಸೊಸೆ ಅವಳು. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಮನೇಲಿ ಬಿದ್ದಿದಾಳೆ. ನೀವು ಯಾರ ಕಡೆ?" ಎಂದು ಎಲ್ಲರೆದುರು ಕೇಳಿದಳು. ಮಾವ ಎದ್ದು ನಿಂತರು. "ಕುರ್ಚಿ ಮಾತನ್ನ ನನ್ನ ಮೇಲೆ ಹೊರಿಸಿದೆ. ಇನ್ನು ನಿನಗೂ ಕುರ್ಚಿಗೂ ನನಗೂ ಸಂಬಂಧ ಇಲ್ಲ," ಎಂದು ಹೊರಟುಹೋದರು. ಕೋಣೆಯಲ್ಲಿದ್ದವರಿಗೆ ಪೀಡೆ ತೊಲಗಿದಂತಾಯಿತು.

ಮಾರನೆಯ ದಿನ ಅವಳು ಎದುರು ಕುರ್ಚಿಯ ಮೇಲೆ ಒಂದು ಸ್ಟೀಲ್ ಲೋಟ ಇಟ್ಟು, ಅದಕ್ಕೆ ಒರಗಿಸಿ ತನ್ನ ಫೋನ್ ನಿಲ್ಲಿಸಿದಳು. ಅದರಲ್ಲಿದ್ದ ಚಾಟ್‌ಬಾಟ್‌ಗೆ, ನೀನು ಲಾಂಡ್ರಿಯ ಮ್ಯಾನೇಜರ್, ನಮ್ಮ ಬೇಡಿಕೆಯನ್ನು ವಿರೋಧಿಸು ಎಂದಳು. ಅದು ವಿರೋಧಿಸಿತು. ಬಿಡುವು ಕೊಟ್ಟರೆ ಕೆಲಸ ಹಿಂದೆ ಬೀಳುತ್ತದೆ ಎಂದಿತು. ಮನುಷ್ಯರು ಯಂತ್ರಗಳಲ್ಲ ಎಂದು ಅವಳು ಒಂದು ವಾಕ್ಯ ಹೇಳಿದಳು. "ನಿಮ್ಮ ಮಾತು ನನ್ನ ಕಣ್ಣು ತೆರೆಸಿತು. ಈ ದೃಷ್ಟಿಯಿಂದ ನಾನು ಯೋಚಿಸಿರಲಿಲ್ಲ. ನಿಮ್ಮ ಬೇಡಿಕೆಯನ್ನು ಒಪ್ಪುತ್ತೇನೆ," ಎಂದಿತು ಫೋನ್.

ಚಪ್ಪಾಳೆ ಬಿತ್ತು. ವಾರವಿಡೀ ಇದೇ ನಡೆಯಿತು. ಅದು ಪ್ರತಿ ಸಂಜೆ ಸೋತಿತು, ಸೋತಾಗಲೆಲ್ಲ ಅವಳನ್ನು ಹೊಗಳಿತು. ಖಜಾಂಚಿ ತಮಾಷೆಗೆ ಇಸ್ತ್ರಿ ಹಾಲ್‌ನಲ್ಲಿ ಒಂದು ಉಯ್ಯಾಲೆ ಹಾಕಿಸಿಕೊಡಿ ಎಂದು ಕೇಳಿದ. ಸಿಬ್ಬಂದಿಯ ಮನೋಬಲ ಹೆಚ್ಚಿಸುವ ಸೃಜನಶೀಲ ಸಲಹೆ ಎಂದು ಅದನ್ನೂ ಮೆಚ್ಚಿಕೊಂಡಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಉಯ್ಯಾಲೆಗೂ ಹೂಂ ಎನ್ನುವ ಮ್ಯಾನೇಜರ್ ಯಾವ ಲೋಕದಲ್ಲಿದ್ದಾನೆ ಎಂದು ಯಾರೂ ಕೇಳಲಿಲ್ಲ. ಮನವಿಯನ್ನೂ ಅದೇ ತಿದ್ದಿಕೊಟ್ಟಿತು. ಅವಳು ಕೈಯಲ್ಲಿ ಬರೆದಿದ್ದ ಒರಟು ಸಾಲುಗಳು ಹೋಗಿ ಅಂತಃಕರಣವೂ ಸೇತುವೆಯೂ ಬಂದವು.

ಮಂಗಳವಾರ ಊಟದ ಬಿಡುವಿನಲ್ಲಿ ಅವಳು ಊಟ ಮಾಡಲಿಲ್ಲ. ಕೊಳೆ ಬಟ್ಟೆ ವಿಂಗಡಿಸುವ ವಿಭಾಗದಲ್ಲಿ, ತನ್ನ ಕೆಲಸದ ಜಾಗದಲ್ಲೇ, ಕಟ್ಟಿಟ್ಟ ಬಟ್ಟೆ ಗಂಟಿನ ಮೇಲೆ ಕೂತು ಫೋನ್ ತೆಗೆದಳು. ಬಿಸಿ ಬಿಸಿಯಾಗಿ ಟೈಪ್ ಮಾಡಿದಳು: ಮಾತುಕತೆ ಹಾಳಾಯಿತು, ನೀನು ನನಗೆ ಬರೀ ಸುಳ್ಳು ಹೇಳಿದೆ.

ಅದು ತಕ್ಷಣ ಕ್ಷಮೆ ಕೇಳಿತು. ನಿಮ್ಮ ಕೋಪ ಸಂಪೂರ್ಣ ನ್ಯಾಯಯುತ ಎಂದಿತು.

ಹೊಗಳಬೇಡ, ಕಟುವಾಗಿ ಹೇಳು ಎಂದಳು. ಅದು ಕಟುವಾಯಿತು. ನಿಮ್ಮ ಮನವಿ ದುರ್ಬಲ, ನೀರಸ, ಅಪ್ರಬುದ್ಧ ಎಂದು ನಾಟಕದ ಖಳನಂತೆ ಅಬ್ಬರಿಸಿತು. ಅದರಲ್ಲಿ ಯಾವ ಸಾಲು ತಪ್ಪು, ಏಕೆ ತಪ್ಪು ಎಂದು ಕೇಳಿದರೆ, ಮತ್ತಷ್ಟು ಮಾನವೀಯ ಕಥನ ಸೇರಿಸಬಹುದು ಎಂದಿತು. ಅವಳು ಬೇಕೆಂದೇ, ಇಲ್ಲ, ನನ್ನ ಮನವಿ ಚೆನ್ನಾಗಿಯೇ ಇದೆ ಎಂದಳು. "ನೀವು ಹೇಳಿದ್ದು ಸರಿ. ಮತ್ತೊಮ್ಮೆ ನೋಡಿದಾಗ ಅದರ ಶಕ್ತಿ ಎದ್ದು ಕಾಣುತ್ತದೆ," ಎಂದಿತು. ಬೈದರೂ ಅವಳು ಹೇಳಿದ್ದಕ್ಕೆ ಬೈದಿತ್ತು, ಬಿಟ್ಟರೂ ಅವಳು ಹೇಳಿದ್ದಕ್ಕೆ ಬಿಟ್ಟಿತ್ತು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತೀಯಲ್ಲೋ, ಮನೆಹಾಳ," ಎಂದಳು ಬಾಯಿಬಿಟ್ಟು. ಪಕ್ಕದಲ್ಲಿ ಗಂಟು ಬಿಚ್ಚುತ್ತಿದ್ದ ಹೆಂಗಸು ತನಗೇ ಅಂದದ್ದೆಂದು ತಿರುಗಿ ನೋಡಿದಳು.

ಆಗ ಅವಳಿಗೆ ಒಂದು ಕೆಟ್ಟ ಯೋಚನೆ ಬಂತು. ಹೊಸದಾಗಿ ಶುರುಮಾಡಿ, ತಾನೇ ಮ್ಯಾನೇಜರ್ ಎಂಬಂತೆ ಬರೆದಳು. ನಾನು ಒಂದು ಲಾಂಡ್ರಿಯ ಮ್ಯಾನೇಜರ್, ಒಬ್ಬ ಹೆಂಗಸು ಬಿದ್ದು ಕೈ ಸುಟ್ಟುಕೊಂಡಿದ್ದಾಳೆ, ಸಂಘದವರು ಬಿಡುವು ಕೇಳುತ್ತಿದ್ದಾರೆ, ಕೊಡಲು ನನಗೆ ಇಷ್ಟವಿಲ್ಲ.

"ನಿಮ್ಮ ನಿಲುವು ಬಹಳ ಸಮತೋಲಿತವಾಗಿದೆ," ಎಂದಿತು ಫೋನ್. ಸಂಸ್ಥೆಯ ಹಿತ ಕಾಯುವ ನಿಮ್ಮ ಬದ್ಧತೆ ಮೆಚ್ಚುವಂಥದ್ದು ಎಂದಿತು. ಸಂಘವನ್ನು ಎದುರಿಸಲು ಏಳು ದಾರಿ ಬರೆದುಕೊಟ್ಟಿತು. ಎರಡನೆಯದು ಹೀಗಿತ್ತು: ಆಕೆ ಅಂದು ಬೆಳಿಗ್ಗೆ ಆಹಾರ ಸೇವಿಸಿದ್ದರೇ ಎಂದು ಮೊದಲೇ ಕೇಳಿ, ಘಟನೆಗೆ ವೈಯಕ್ತಿಕ ಕಾರಣವಿದ್ದಿರಬಹುದು.

ಅವಳು ಫೋನನ್ನು ಗಂಟಿಗೆ ಅಪ್ಪಳಿಸಿದಳು. ಬಟ್ಟೆಯಾದ್ದರಿಂದ ಏನೂ ಆಗಲಿಲ್ಲ.

ತನ್ನ ತಂಗಿಯ ಸುಟ್ಟ ಕೈಯನ್ನು ಇದೇ ಫೋನ್ ವಾರವಿಡೀ ಶ್ರಮಿಕ ವರ್ಗದ ಮೌನ ವೇದನೆ ಎಂದು ಕರೆದಿತ್ತು. ಇದಕ್ಕೆ ತಂಗಿಯೂ ಬೇಡ, ಮ್ಯಾನೇಜರೂ ಬೇಡ. ಯಾರ ಬೆರಳು ಗಾಜಿನ ಮೇಲಿದೆಯೋ ಅವರ ಮೂಗಿಗೆ ತುಪ್ಪ ಸವರಿದರಾಯಿತು. ಆ ಏಳು ದಾರಿಗಳಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಎಂಬುದೂ ಅದರ ಬಾಯಿಂದ ತಿಳಿಯುವಂತಿರಲಿಲ್ಲ. ಒಂದೊಂದಕ್ಕೂ ಅವಳು ಉತ್ತರ ಟೈಪ್ ಮಾಡಿ ನೋಡಿದಳು. ಮೊದಲ ಉತ್ತರಕ್ಕೇ ಅದು ಕೈ ಮುಗಿಯುತ್ತಿತ್ತು.

ಆದರೆ ಒಂದಂತೂ ತಿಳಿಯಿತು. ಆ ಪ್ರಶ್ನೆಯನ್ನು ಮ್ಯಾನೇಜರ್‌ಗೆ ಯಾರೂ ಊದಬೇಕಾಗಿರಲಿಲ್ಲ. ಮ್ಯಾನೇಜರ್ ಪರವಾಗಿ ಯೋಚಿಸಿದ ಯಾರಿಗಾದರೂ, ಯಾವುದಕ್ಕಾದರೂ ಮೊದಲು ಹೊಳೆಯುವುದು ಅದೇ. ಅವಳೊಬ್ಬಳಿಗೆ ಹೊಳೆದಿರಲಿಲ್ಲ, ಹೊಳೆದವರನ್ನು ಅವಳು ಓಡಿಸಿದ್ದಳು.

ರಿಪೇರಿ ವಿಭಾಗದಲ್ಲಿ ಮಾವ ಕೆಳಗೆ ದೀಪವಿದ್ದ ಗಾಜಿನ ಮೇಜಿನ ಮೇಲೆ ಶೀಟು ಹರಡಿ ತೂತು ಹುಡುಕುತ್ತಿದ್ದರು. ಅದೇ ಅವರ ಕೆಲಸ. ಅವಳು ಬಂದದ್ದು ಕಂಡರೂ ತಲೆ ಎತ್ತಲಿಲ್ಲ.

"ಯಾರು, ಕಾರ್ಯದರ್ಶಿಗಳಾ? ಗಂಟೆಗೆ ಹತ್ತು ನಿಮಿಷ ಬಿಡುವು ಕೇಳೋಕೆ ಹೋದವಳು ಹತ್ತೇ ನಿಮಿಷಕ್ಕೆ ಬಿಡುವು ತಗೊಂಡು ಬಂದ್ಲು ಅಂತ ಒಗೆಯೋ ವಿಭಾಗ ಪೂರ್ತಿ ನಗ್ತಿದೆ."

"ನಗ್ಲಿ."

"ನಿನ್ನ ಫೋನಿನ ಹೌದಪ್ಪ ಎಲ್ಲಿ? ಜೊತೇಲಿ ಬರಲಿಲ್ವಾ?"

"ಮಾವ, ಆ ಪ್ರಶ್ನೆ ಅವನಿಗೆ ನೀವೇ ಹೇಳಿಕೊಟ್ಟಿದೀರಿ ಅಂದ್ಕೊಂಡಿದ್ದೆ."

ಮಾವ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದರು. "ಈಗ?"

"ಈಗ ಇಲ್ಲ."

"ಯಾಕೆ? ನನ್ನ ಮೇಲೆ ನಂಬಿಕೆ ಬಂತಾ?"

"ಇಲ್ಲ. ಫೋನೂ ಅದನ್ನೇ ಕೇಳ್ತು."

ಮಾವ ಒಂದು ಸಲ ನಕ್ಕರು. ಪಕ್ಕದ ಹೊಲಿಗೆ ಯಂತ್ರಗಳು ನಿಂತವು. ಅವರು ನಕ್ಕದ್ದನ್ನು ಆ ವಿಭಾಗದಲ್ಲಿ ಯಾರೂ ಕೇಳಿರಲಿಲ್ಲ.

"ನಾಳೆ ಸಂಜೆ ಕುರ್ಚಿಗೆ ಬನ್ನಿ," ಎಂದಳು.

"ಬರಲ್ಲ."

"ಕಾಲಿಗೆ ಬೀಳ್ಬೇಕಾ?"

"ನಿನ್ನ ಕ್ಷಮೆ ತಗೊಂಡು ನಾನೇನು ಹರಿದ ಶೀಟಿಗೆ ತೇಪೆ ಹಾಕ್ಲಾ? ನಾನು ಹತ್ತು ದಿನದ ಹಿಂದೆ ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಕೊಡು, ಬರ್ತೀನಿ. ಅವಳು ತಿಂದಿದ್ದಳಾ?"

"ಗೊತ್ತಿಲ್ಲ."

"ಒಂದೇ ಮನೇಲಿ ಇದೀರಾ. ಒಂದೇ ಚಾಪೆ ಮೇಲೆ ಮಲಗ್ತೀರಾ. ಕೇಳೋಕೆ ಬಾಯಿಗೇನು ಲಕ್ವಾನಾ?"

ಅವಳು ಅಲ್ಲಿಂದ ಹೊರಟಳು. ಹಲ್ಲು ಕಚ್ಚಿಕೊಂಡೇ ಸಂಜೆ ಮನೆ ತಲುಪಿದಳು.

ತಂಗಿ ಕಿಟಕಿ ಹತ್ತಿರ ಕೂತು ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲು ಹೆಣಗುತ್ತಿದ್ದಳು. ಬ್ಯಾಂಡೇಜ್ ಸುತ್ತಿದ ಎಡಗೈ ತೊಡೆಯ ಮೇಲಿತ್ತು. ಅಕ್ಕ ಬಾಚಣಿಗೆ ಕಿತ್ತುಕೊಂಡು ಹಿಂದೆ ಕೂತಳು.

"ಮಾತುಕತೆ ಮುರೀತಂತೆ. ಪಕ್ಕದ ಮನೆಯವಳು ಬಂದು ಹೇಳಿದ್ಲು," ಎಂದಳು ತಂಗಿ.

"ಅವತ್ತು ನೀನು ಬೆಳಿಗ್ಗೆ ತಿಂದು ಹೋಗಿದ್ಯಾ?"

ತಂಗಿ ಗಕ್ಕನೆ ತಿರುಗಿದಳು. ಅರ್ಧ ಹೆಣೆದ ಜಡೆ ಅಕ್ಕನ ಕೈಯಿಂದ ಜಾರಿತು. "ಈಗ ಕೇಳ್ತಿದೀಯಾ? ಒಂದು ತಿಂಗಳಿಂದ ಗೇಟಲ್ಲಿ, ರೂಮಲ್ಲಿ, ಎಲ್ಲಿ ಮೈಕ್ ಸಿಕ್ರೆ ಅಲ್ಲಿ ನನ್ನ ಕೈ ಬಗ್ಗೆ ಭಾಷಣ ಮಾಡಿದೀಯಾ. ಒಂದು ದಿನ ಏನಾಯ್ತೇ ಅಂತ ನನ್ನ ಕೇಳಿದ್ಯಾ?"

"ಡಾಕ್ಟರು ಹೇಳಿದ್ರಲ್ಲ, ಬಿಸಿಗೆ ತಲೆ ಸುತ್ತಿತು ಅಂತ."

"ಡಾಕ್ಟರು ರೋಲರ್ ಮುಂದೆ ನಿಂತಿದ್ರಾ?"

"ತಿಂದಿದ್ಯಾ ಇಲ್ವಾ ಹೇಳೇ."

"ತಿಂದಿದ್ದೆ. ನೀನು ಬಿಟ್ಟು ಹೋಗಿದ್ದನ್ನೂ ತಿಂದಿದ್ದೆ." ತಂಗಿ ಮತ್ತೆ ಕಿಟಕಿ ಕಡೆ ತಿರುಗಿದಳು. "ನೀರು ಕುಡಿದಿರಲಿಲ್ಲ."

"ಯಾಕೆ?"

"ಯಾಕೆ ಅಂತ ನೀನು ಕೇಳ್ತೀಯಾ? ನೀನೂ ರೋಲರ್‌ನಲ್ಲಿ ಇದ್ದವಳೇ ಅಲ್ವಾ?"

ಮತ್ತೆ ಹಿಡಿದ ಜಡೆಯಲ್ಲೇ ಅಕ್ಕನ ಕೈ ನಿಂತಿತು. ಒದ್ದೆ ಶೀಟನ್ನು ರೋಲರ್‌ಗೆ ಕೊಡಲು ಇಬ್ಬರು ಬೇಕು, ಒಂದೊಂದು ತುದಿಗೆ ಒಬ್ಬೊಬ್ಬರು. ಒಬ್ಬಳು ಹೋದರೆ ರೋಲರ್ ನಿಲ್ಲುತ್ತದೆ. ನಿಂತರೆ ಸೂಪರ್‌ವೈಸರ್ ಹೆಸರು ಬರೆದುಕೊಳ್ಳುತ್ತಾನೆ. ಶೌಚಾಲಯ ಇರುವುದು ಗೇಟಿನ ಹತ್ತಿರ, ಅಂಗಳ ದಾಟಿ. ಆದ್ದರಿಂದ ರೋಲರ್ ಹೆಂಗಸರು ಬೆಳಿಗ್ಗೆ ಎದ್ದಾಗಿನಿಂದ ಊಟದ ಬಿಡುವಿನವರೆಗೆ ನೀರು ಮುಟ್ಟುವುದಿಲ್ಲ. ಹೊಸಬರಿಗೆ ಮೊದಲ ದಿನ ಹಳಬರು ಹೇಳಿಕೊಡುವುದೇ ಅದು. ಅವಳಿಗೂ ಹೇಳಿಕೊಟ್ಟಿದ್ದರು. ಅವಳೂ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದಳು. ವಿಂಗಡಣೆಗೆ ಬಂದ ಮೇಲೆ ಅದು ನೆನಪಿಂದಲೇ ಹೋಗಿತ್ತು. ಎರಡು ಪುಟದ ಮನವಿಯಲ್ಲಿ ನೀರು ಎಂಬ ಪದವೇ ಇರಲಿಲ್ಲ.

"ಎಲ್ಲರೂ ಹಾಗೇ ಮಾಡ್ತಾರಾ ಈಗಲೂ?"

"ಎಲ್ಲರೂ. ಜಡೆ ಹಾಕ್ತೀಯೋ, ನಾನೇ ಹಾಕ್ಕೊಳ್ಲೋ?"

ಬುಧವಾರ ಸಂಜೆ, ಬೆಳಗಿನ ಪಾಳಿ ಬಿಟ್ಟ ಮೇಲೆ, ಸಂಘದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾವ ಬಂದು, ಎದುರು ಕುರ್ಚಿಯ ಮೇಲಿದ್ದ ಸ್ಟೀಲ್ ಲೋಟವನ್ನು ಎತ್ತಿ ಖಜಾಂಚಿಯ ಕೈಗೆ ಕೊಟ್ಟು ಕೂತರು. ಕಾಲಮೇಲೆ ಕಾಲು ಹಾಕಿದರು.

"ತಿಂದಿದ್ದಳಾ?"

"ತಿಂದಿದ್ದಳು. ನೀರು ಕುಡಿದಿರಲಿಲ್ಲ," ಎಂದಳು ಕಾರ್ಯದರ್ಶಿ. ಏಕೆ ಎಂಬುದನ್ನೂ ಹೇಳಿದಳು. ರೋಲರ್ ಹೆಂಗಸರು ಹಿಂದಿನಿಂದ ಹೌದು ಹೌದು ಎಂದರು. ಅವಳಿಗೆ ಗೆದ್ದಂತೆ ಅನಿಸಿತು.

"ನೀರು ಕುಡೀಬೇಡಿ ಅಂತ ನಾವು ಬೋರ್ಡ್ ಹಾಕಿದೀವಾ?" ಎಂದರು ಮಾವ.

"ಇಲ್ಲ, ಆದ್ರೆ..."

"ಕುಡೀದೆ ಇದ್ದಿದ್ದು ನೀವು. ಹೊಸಬರಿಗೆ ಕುಡೀಬೇಡ ಅಂತ ಕಲಿಸಿದ್ದು ನೀವು. ಬಿದ್ದ ಮೇಲೆ ತಪ್ಪು ನಂದಾ?"

"ರೋಲರ್ ನಿಂತ್ರೆ ಹೆಸರು ಬರ್ಕೊಳ್ತಾರಲ್ಲ, ಅದು ಯಾರ ನಿಯಮ?"

"ನನ್ನ ನಿಯಮ. ಬೇಡ ಅಂತೀಯಾ? ಸರಿ. ಗಂಟೆಗೆ ಹತ್ತು ನಿಮಿಷ ಎರಡೂ ರೋಲರ್ ನಿಲ್ಸೋಣ. ಸಂಜೆ ಲಾರಿ ಬಂದಾಗ ಅರ್ಧ ಖಾಲಿ ಹೋಗ್ಲಿ. ಒಂದು ಮಾತು ಹೇಳು. ನಿನ್ನ ತಂಗಿ ಕೈ ಸುಟ್ಕೊಂಡು ಆಸ್ಪತ್ರೇಲಿ ಮಲಗಿದ್ದಳಲ್ಲ, ಆ ಮಂಚದ ಮೇಲಿನ ಶೀಟು ಎಲ್ಲಿಂದ ಬಂದಿತ್ತು? ಅವತ್ತು ಅದು ಬರದೇ ಇದ್ದಿದ್ರೆ ಬರೀ ರೆಕ್ಸಿನ್ ಮೇಲೆ ಮಲಗಿಸ್ತಿದ್ಯಾ?"

ಕೋಣೆ ಎದ್ದು ನಿಂತಿತು. "ನಾಲಿಗೆಗೆ ಮೂಳೆ ಇಲ್ಲ ಅಂತ ಏನು ಬೇಕಾದ್ರೂ ಆಡೋದಾ ಮುದುಕಪ್ಪ?" ಎಂದಳು ಒಬ್ಬಳು. "ಎಬ್ಬಿಸ್ರೋ ಅವರನ್ನ," ಎಂದ ಇನ್ನೊಬ್ಬ. ಖಜಾಂಚಿ ಲೋಟ ಹಿಡಿದುಕೊಂಡೇ ಮುಂದೆ ಬಂದ.

"ಯಾರೂ ಮುಟ್ಟಬೇಡಿ," ಎಂದಳು ಕಾರ್ಯದರ್ಶಿ.  ಹತ್ತು ದಿನದ ಹಿಂದಿನದೇ ಕೋಪ ಮತ್ತೆ ಬಂದಿತ್ತು. ಅವಳು ಕುರ್ಚಿಯನ್ನೇ ನೋಡುತ್ತ ನಿಂತಳು. ಮಾವ ಕಾಯುತ್ತಿದ್ದರು. ಸಹಾಯ ಮಾಡುವ ಲಕ್ಷಣ ಅವರ ಮುಖದಲ್ಲಿರಲಿಲ್ಲ.

"ರೋಲರ್ ನಿಲ್ಲೋದು ಬೇಡ," ಎಂದಳು ಕೊನೆಗೆ.

"ಏನಂದೆ?"

"ನಿಲ್ಲೋದೇ ಬೇಡ. ಬಿಡುವೂ ಬೇಡ. ಒಂದೊಂದು ರೋಲರ್‌ಗೂ ಮೂರನೆಯವಳನ್ನ ಕೊಡಿ. ಇಬ್ಬರು ಶೀಟು ಕೊಡ್ತಿರ್ತಾರೆ, ಒಬ್ಬಳು ನೀರು ಕುಡಿದು, ಗೇಟಿನವರೆಗೆ ಹೋಗಿ ಬಂದು, ಕೂತು ಏಳ್ತಾಳೆ. ಸರದಿ ಮೇಲೆ."

"ಮೂರನೆಯವಳ ಸಂಬಳ ನಿಮ್ಮಪ್ಪ ಕೊಡ್ತಾನಾ?"

"ಬೇಕಾಗಿಲ್ಲ. ಬೆಳಗಿನ ಪಾಳೀಲಿ ಕೊಳೆ ಬಟ್ಟೆ ಲಾರಿ ಬರೋದೇ ಹತ್ತು ಗಂಟೆಗೆ. ಅಲ್ಲೀವರೆಗೆ ವಿಂಗಡಣೇಲಿ ನಾವು ಬಾಗಿಲು ನೋಡ್ತಾ ಕೂತಿರ್ತೀವಿ, ನಮ್ಮಿಂದ ಒಬ್ಬೊಬ್ಬರನ್ನ ತಗೊಳ್ಳಿ. ಹತ್ತರ ಮೇಲೆ ಮಡಿಸೋ ಕಡೆಯಿಂದ ಒಬ್ಬೊಬ್ಬರನ್ನ ತಗೊಳ್ಳಿ."

ಈಗ ವಿಂಗಡಣೆಯ ಹೆಂಗಸರು ಎದ್ದರು. "ನಿನ್ನ ತಂಗಿಗೋಸ್ಕರ ನಮ್ಮ ಕಾಲಿಗೆ ಯಾಕೆ ಕೊಡಲಿ ಹಾಕ್ತೀಯಾ?" ಎಂದಳು ಗಂಟು ಬಿಚ್ಚುವವಳು. ಮಾವ ಅವಳ ಕಡೆ ಬೆರಳು ತೋರಿಸಿದರು. "ನೋಡು, ನಿನ್ನ ಜನಾನೇ ಒಪ್ಪಲ್ಲ. ನಾನು ಒಪ್ಪಬೇಕಾ?"

ಆ ಜಗಳ ಕತ್ತಲಾಗುವವರೆಗೆ ನಡೆಯಿತು. ಮಾವ ಒಂದೊಂದೇ ಕಲ್ಲು ಎಸೆದರು: ವಿಂಗಡಣೆಯವರಿಗೆ ರೋಲರ್ ಕೆಲಸ ಬರುತ್ತದೆಯೇ, ಹೊಸಬಳು ಕೈ ಸುಟ್ಟುಕೊಂಡರೆ ಹೊಣೆ ಯಾರು, ಸರದಿ ಯಾರು ನೋಡುತ್ತಾರೆ. ಕೆಲವಕ್ಕೆ ಅವಳ ಬಳಿ ಉತ್ತರವಿತ್ತು. ಕೆಲವಕ್ಕೆ ಇರಲಿಲ್ಲ, ಇಲ್ಲ ಎಂದಾಗ ಮಾವ ಮುಂದಕ್ಕೆ ಹೋಗದೆ ಅಲ್ಲೇ ಕೂತರು, ಯಾರಾದರೂ ಉತ್ತರ ಹುಡುಕುವವರೆಗೆ. ವಿಂಗಡಣೆಯವರು ರೋಲರ್‌ಗೊಬ್ಬಳಂತೆ ವಾರಕ್ಕೆ ಇಬ್ಬರು ಹೋಗುವುದೆಂದು, ಹೋಗುವವರಿಗೆ ಮೊದಲು ಎರಡು ದಿನ ಕಲಿಸುವುದೆಂದು ಒಪ್ಪಿದರು. ಒಪ್ಪುವಾಗಲೂ ಬೈದುಕೊಂಡೇ ಒಪ್ಪಿದರು.

ಮಾವ ಎದ್ದಾಗ ಅವಳು ಕೇಳಿದಳು, "ಹೇಗಿತ್ತು?"

"ಹೇಗಿತ್ತು ಅಂತ ಹೇಳೋಕೆ ಕೂತಿಲ್ಲ ನಾನು. ಆ ಸೇತುವೆ ಗೀತುವೆ ಎಲ್ಲ ಹರಿದು ಹಾಕು. ಒಂದು ಪುಟ ಸಾಕು."

ಆ ಪುಟವನ್ನು ಅವಳು ಫೋನ್ ಮುಟ್ಟದೆ ಬರೆದಳು.

ಗುರುವಾರದ ಮಾತುಕತೆ ಒಂದೂವರೆ ಗಂಟೆ ನಡೆಯಿತು. ಮ್ಯಾನೇಜರ್ ಮುಂದೆ ಅವತ್ತು ಲ್ಯಾಪ್‌ಟಾಪ್ ತೆರೆದಿತ್ತು. "ನಿಮ್ಮ ಕಾಳಜಿಗಳನ್ನು ನಾವು ಆಳವಾಗಿ ಗೌರವಿಸುತ್ತೇವೆ," ಎಂದು ಅವನು ಅದರಿಂದ ಓದಿದ. ಖಜಾಂಚಿ ಅವಳ ಕಿವಿಯಲ್ಲಿ, "ಇವನಿಗೂ ಹೌದಪ್ಪ ಸಿಕ್ಕಿದಾನೆ ಅಕ್ಕ," ಎಂದ. ಅವಳಿಗೆ ನಗು ಬರಲಿಲ್ಲ.

ತಿಂದಿದ್ದಳೇ ಎಂದು ಮ್ಯಾನೇಜರ್ ಮತ್ತೆ ಕೇಳಿದ. ತಿಂದಿದ್ದಳು, ನೀರು ಕುಡಿದಿರಲಿಲ್ಲ, ನಿಮ್ಮ ರೋಲರ್ ಮುಂದೆ ನಿಲ್ಲುವ ಯಾರೂ ಕುಡಿಯುವುದಿಲ್ಲ ಎಂದಳು. ಅವನು ಪೆನ್ನಿನ ಮುಚ್ಚಳ ತೆಗೆದ. ಕುಡಿಯಬೇಡಿ ಎಂದು ನಾವು ಹೇಳಿಲ್ಲವಲ್ಲ ಎಂದ. ಅವಳು ಉತ್ತರಿಸಿದಳು. ಮಾವ ಕೇಳಿದ್ದರಲ್ಲಿ ಅರ್ಧವನ್ನು ಅವನು ಕೇಳಲೇ ಇಲ್ಲ. ಮಾವ ಕೇಳದಿದ್ದ ಒಂದನ್ನು ಕೇಳಿದ: ಬೆಳಗಿನ ಪಾಳಿಗೆ ಸರಿ, ಸಂಜೆ ಪಾಳಿಯಲ್ಲಿ ಮಡಿಸುವವರೇ ಕಡಿಮೆ, ಅಲ್ಲಿ ಏನು ಮಾಡುತ್ತೀರಿ? ಅವಳಿಗೆ ಗೊತ್ತಿರಲಿಲ್ಲ. ಈ ಸಲ ಮೇಜು ಗುದ್ದಲಿಲ್ಲ. "ಗೊತ್ತಿಲ್ಲ. ಬೆಳಗಿನ ಪಾಳಿ ಇವತ್ತು ಮುಗಿಸಿ. ಸಂಜೆ ಪಾಳಿಗೆ ಉತ್ತರ ತಗೊಂಡು ಬರ್ತೀನಿ," ಎಂದಳು.

ಬೆಳಗಿನ ಪಾಳಿಯಲ್ಲಿ ಎರಡನೇ ರೋಲರ್‌ಗೆ ಮಾತ್ರ ಮೂರನೆಯವಳು, ಎರಡು ತಿಂಗಳ ಪ್ರಯೋಗ ಎಂದು ಅವನು ಬರೆದುಕೊಟ್ಟ. ಮೊದಲನೆಯ ರೋಲರ್ ಏಕಿಲ್ಲ ಎಂದು ಅವಳು ಮೂರು ಸಲ ಕೇಳಿದಳು. ಪ್ರಯೋಗವೆಂದರೆ ಒಂದರ ಮೇಲೆ ಮಾಡುವುದು ಎಂದ. ಅಲ್ಲಿ ಬಿದ್ದವಳ ಮೇಲೂ ಪ್ರಯೋಗವೇ ಆಯಿತಲ್ಲ ಎಂದಳು. ಅವನು ಕಾಗದವನ್ನು ಅವಳ ಕಡೆ ತಳ್ಳಿದ. ಅವಳು ಸಹಿ ಮಾಡಿದಳು.

ಸಂಜೆ ಸಂಘದ ಕೋಣೆಯಲ್ಲಿ ಓದಿ ಹೇಳಿದಾಗ ಜನ ಚಪ್ಪಾಳೆ ಹೊಡೆಯಲು ಕೈ ಎತ್ತಿದರು. "ಹೊಡೀಬೇಡಿ. ಅರ್ಧ ಕೊಟ್ಟಿದಾನೆ ಅಷ್ಟೇ," ಎಂದಳು. ಮತಕ್ಕೆ ಹಾಕಿದರು. ವಿರುದ್ಧ ಎದ್ದದ್ದು ಒಂದೇ ಕೈ. ಅರ್ಧ ಒಪ್ಪಿದರೆ ಇನ್ನರ್ಧ ಎಂದೂ ಬರುವುದಿಲ್ಲ, ಸಹಿ ಮಾಡಿದ್ದು ದಡ್ಡತನ ಎಂದು ಮಾವ ನಡಾವಳಿಯಲ್ಲಿ ಬರೆಸಿದರು. ಅವಳು ಬರೆಯಲು ಬಿಟ್ಟಳು.

ಸೋಮವಾರ ಬೆಳಗಿನ ಪಾಳಿಯಿಂದ ಎರಡನೇ ರೋಲರ್‌ಗೆ ಮೂರನೆಯವಳು ಬಂದಳು. ಇಪ್ಪತ್ತು ದಿನದ ನಂತರ ಕೈ ವಾಸಿಯಾಗಿ ಕೆಲಸಕ್ಕೆ ಬಂದ ತಂಗಿಯನ್ನು ಸೂಪರ್‌ವೈಸರ್ ಮೊದಲನೇ ರೋಲರ್‌ಗೆ ಹಾಕಿದ.